ಕಿವಿ ಕುಂಯ್ ಅನ್ನೋರಿಗೆ: ಮೂರು ಸಾವಿರದ ಮಷಿನ್ನಾ, ಅಟ್ಟದ ಮೇಲಿನ ಟೇಬಲ್ ಫ್ಯಾನಾ

ಕಿವಿ ಒಳಗೆ ಸದಾ ಕೇಳೋ ಕೀಂ ಸದ್ದನ್ನ ಮರೆತು ರಾತ್ರಿ ನಿದ್ದೆ ಮಾಡಕ್ಕೆ ನಾನು ಏನೇನೋ ಟ್ರೈ ಮಾಡ್ದೆ, ಮೊದ್ಲೇ ಹೇಳ್ಬಿಡ್ತೀನಿ, ಗೆದ್ದಿದ್ದು ಫ್ಯಾನು. ಅದೂ ನಮ್ಮಪ್ಪ ತುಮಕೂರಲ್ಲಿದ್ದಾಗ ತಗೊಂಡಿದ್ದು, ಜಾಲರಿ ಪೂರ್ತಿ ತುಕ್ಕು, ಮೂರು ಬಟನ್ನಲ್ಲಿ 2ನೇದು ಒತ್ತಿದ್ರೆ ಮಾತ್ರ ಓಡುತ್ತೆ. ಉಳಿದಿದ್ದಕ್ಕೆಲ್ಲ ಸೇರಿ ಹತ್ತತ್ರ ಹನ್ನೆರಡು ಸಾವಿರ ಕಳ್ಕೊಂಡ ಮೇಲೆ ಗೊತ್ತಾಗಿದ್ದು ಇದು, ನೀವಾದ್ರೂ ಉಳಿಸ್ಕೊಳ್ಳಿ ಅಂತ ಬರೀತಿದೀನಿ.

ಆಗಿದ್ದು ಹೇಗೆ ಅಂದ್ರೆ, ಎರಡು ವರ್ಷದ ಹಿಂದೆ ನಮ್ಮ ಏರಿಯಾ ಗಣಪತಿ ವಿಸರ್ಜನೆ. ನಾನು ಲೆಕ್ಕ ನೋಡ್ಕೊಳ್ಳೋನು, ದುಡ್ಡಿನ ಬ್ಯಾಗು ನನ್ನ ಹತ್ರಾನೇ ಇತ್ತು, ಡಿಜೆ ಟ್ರ್ಯಾಕ್ಟರ್ ಪಕ್ಕಾನೇ ಎರಡು ಗಂಟೆ ನಡ್ಕೊಂಡು ಹೋದೆ. ಎದೆ ಒಳಗೆಲ್ಲ ಗುದ್ದಿದ ಹಾಗಾಗ್ತಿತ್ತು, ಖುಷಿಯಾಗೇ ಇತ್ತು ಸುಳ್ಳು ಯಾಕೆ ಹೇಳ್ಲಿ. ಪುಣ್ಯಕ್ಕೆ ಮಗಳನ್ನ ಹಿಂದೆ ಹೆಂಗಸರ ಜೊತೆ ಬಿಟ್ಟಿದ್ದೆ. ಆಮೇಲೆ ಓದ್ಕೊಂಡೆ, 85 ಡೆಸಿಬಲ್ ಸೌಂಡಲ್ಲಿ ಎಂಟು ಗಂಟೆ ಇರಬಹುದಂತೆ, ಅದರ ಮೇಲೆ ಪ್ರತಿ 3 ಡೆಸಿಬಲ್‌ಗೂ ಟೈಮು ಅರ್ಧ ಅರ್ಧ ಆಗ್ತಾ ಹೋಗುತ್ತಂತೆ, ಹಾಗೆ ಲೆಕ್ಕ ಹಾಕಿದ್ರೆ 100ಕ್ಕೆ ಬರೀ ಕಾಲು ಗಂಟೆ. ಯಾರೋ ಹುಡುಗ ಮೊಬೈಲಲ್ಲಿ ಅಳೆದು 104 ಅಂತ ತೋರಿಸಿದ್ದ, ಮೊಬೈಲ್ ಮೈಕನ್ನ ನಂಬಕ್ಕಾಗಲ್ಲ ಬಿಡಿ, ಆದ್ರೂ.

ಆ ರಾತ್ರಿ ಮನೆಗೆ ಬಂದ್ರೆ ಕಿವಿಗೆ ಹತ್ತಿ ತುರುಕಿದ ಹಾಗೆ ಮಂದ, ಹಿಂದೆ ಕೀಂ ಅಂತ ಒಂದೇ ಸ್ವರ. ಬೆಳಿಗ್ಗೆಗೆ ಮಂದ ಹೋಯ್ತು, ಕೀಂ ಉಳೀತು. ಮೂರನೇ ದಿನ ರಾತ್ರಿ ಇದು ಕಿವಿದಲ್ಲ, ಮನೇಲಿ ಯಾವುದೋ ಮಷಿನ್ನಿಂದು ಅಂತ ನಂಬ್ಕೊಂಡು ಎದ್ದು ಫ್ರಿಡ್ಜ್ ಆಫ್ ಮಾಡ್ದೆ, ಸೆಟ್‌ಟಾಪ್ ಬಾಕ್ಸ್ ಪ್ಲಗ್ ಕಿತ್ತೆ, ಸೊಳ್ಳೆ ಮಷಿನ್ ಕಿತ್ತೆ, ಕೊನೆಗೆ ಮೀಟರ್ ಬೋರ್ಡ್ ಹತ್ರ ಹೋಗಿ ಮೇನೇ ಇಳಿಸ್ಬಿಟ್ಟೆ. ಕತ್ತಲಲ್ಲಿ ನಿಂತಿದೀನಿ, ಇಡೀ ಮನೆ ನಿಶ್ಶಬ್ದ, ಅದೊಂದು ಮಾತ್ರ ಇನ್ನೂ ಜೋರು. ಹೆಂಡ್ತಿ ಒಳಗಿಂದ "ಏನ್ರೀ ಅದು, ಕರೆಂಟ್ ಹೋಯ್ತಾ?" ಅಂದ್ಲು. ಏನಂತ ಹೇಳ್ಲಿ.

ಅಮ್ಮ ಫೋನಲ್ಲಿ "ಬೆಳ್ಳುಳ್ಳಿ ಕಾಯಿಸಿದ ಎಣ್ಣೆ ಎರಡು ಹನಿ ಬಿಡೋ" ಅಂತಿದ್ರು, ಬಿಟ್ಟೆ, ಕಿವಿ ಜಿಡ್ಡಾಯ್ತು. ಇಎನ್‌ಟಿ ಹತ್ರ ಹೋಗಿದ್ದು 9ನೇ ದಿನ, ಅಲ್ಲಿ ಬೈಸ್ಕೊಂಡೆ. ಕಿವಿ ದಿಢೀರ್ ಅಂತ ಮಂದ ಆದ್ರೆ, ಅದರಲ್ಲೂ ಒಂದೇ ಕಿವಿ ಆದ್ರೆ, ತಲೆ ಸುತ್ತು ಜೊತೇಲಿದ್ರೆ ಅವತ್ತೇ ಓಡಿ ಬರಬೇಕು, ಸ್ಟೀರಾಯ್ಡ್ ಕೊಡೋದಿದ್ರೆ ಬೇಗ ಕೊಟ್ಟಷ್ಟೂ ಒಳ್ಳೇದು ಅಂದ್ರು. ಇದೊಂದು ಮಾತ್ರ ಸೀರಿಯಸ್ಸಾಗಿ ತಗೊಳ್ಳಿ, ಉಳಿದಿದ್ದು ನನ್ನ ಪುರಾಣ.

ಟೆಸ್ಟ್ ಮಾಡಿದಾಗ ಗ್ರಾಫು ನೆಟ್ಟಗೆ ಬಂದು 4000 ಹರ್ಟ್ಸ್, ಅಂದ್ರೆ ಕೀಚಲು ಸ್ವರದ ಹತ್ರ ಗುಂಡಿಗೆ ಬಿದ್ದ ಹಾಗೆ ಇಳಿದು, 8000ಕ್ಕೆ ಮತ್ತೆ ಮೇಲಕ್ಕೆ ಹತ್ತಿತ್ತು. ಜೋರು ಸದ್ದಿನಿಂದ ಆದ ಪೆಟ್ಟಿನ ಗುರುತೇ ಈ ಗುಂಡಿ ಅಂತೆ. ಒಳಗಿವಿ ಒಳಗೆ ಕೂದಲಿನಂಥ ಜೀವಕೋಶಗಳಿರ್ತವೆ, ಒಂದೊಂದು ಕಿವಿಗೆ ಸುಮಾರು 15 ಸಾವಿರ, ಸತ್ತಿದ್ದು ಮತ್ತೆ ಹುಟ್ಟಲ್ಲ. ಕಿವಿ ಟೆಸ್ಟ್ ಮಾಡೋ ಆಡಿಯಾಲಜಿಸ್ಟ್ ಮೇಡಂ ಹೇಳಿದ ಮಾತು ನಂಗೆ ಸರಿಯಾಗಿ ನಾಟ್ತು. ಆ ಜಾಗದಿಂದ ಸುದ್ದಿ ಬರ್ತಿಲ್ಲ ಅಂತ ಮೆದುಳು ವಾಲ್ಯೂಮ್ ಏರಿಸುತ್ತೆ, ಮೈಕ್ ಸೆಟ್‌ನವನು ಏರಿಸ್ತಾ ಹೋದ್ರೆ ಯಾರೂ ಮಾತಾಡದೇ ಇದ್ರೂ ಬಾಕ್ಸ್ ಕುಂಯ್ ಅನ್ನಲ್ವಾ, ಅದೇ ಕಥೆ ಅಂತ. ಹಾಗಾಗಿ ಪೂರ್ತಿ ನಿಶ್ಶಬ್ದ ನಿಮ್ಮ ಶತ್ರು, ರಾತ್ರಿ ರೂಮಲ್ಲಿ ಮೆಲ್ಲಗೆ ಒಂದು ಸದ್ದು ಇಟ್ಕೊಳ್ಳಿ ಅಂದ್ರು. ಯಾವ ಸದ್ದು, ಯಾವುದರಿಂದ ಅಂತ ಹೇಳ್ಲಿಲ್ಲ, ನಾನೂ ಕೇಳ್ಲಿಲ್ಲ. ಅಲ್ಲಿಂದ ಶುರುವಾಯ್ತು ಖರ್ಚು.

ಮೊದಲು ತಗೊಂಡಿದ್ದು ವೈಟ್ ನಾಯ್ಸ್ ಮಷಿನ್ನು, ಆನ್‌ಲೈನಲ್ಲಿ 2,990 ರೂಪಾಯಿ. ಅಂಗೈಯಷ್ಟು ಡಬ್ಬಿ, 24 ಥರ ಸದ್ದು, ಮಳೆ, ಸಮುದ್ರ, ಫ್ಯಾನು, ಒಲೆ ಉರಿಯೋದು, ಎಲ್ಲ. ಮೊದಲ ರಾತ್ರಿ ಸ್ವರ್ಗ. ಎರಡನೇ ರಾತ್ರಿ ಸುಮಾರು ಒಂದು ಗಂಟೆಗೆ ಎಚ್ಚರ ಆಯ್ತು, ಕೇಳ್ತಾ ಮಲಗಿದ್ದೆ, ಆಗ ಟುಕ್ ಅಂತು. ಸಣ್ಣದು, ಉಗುರಲ್ಲಿ ಪ್ಲಾಸ್ಟಿಕ್ ತಟ್ಟಿದ ಹಾಗೆ. ಸ್ವಲ್ಪ ಹೊತ್ತಿಗೆ ಮತ್ತೆ ಟುಕ್. ಎಣಿಸಿದೆ. ಹನ್ನೊಂದು ಸೆಕೆಂಡಿಗೆ ಸರಿಯಾಗಿ ಒಂದು.

ವಿಷಯ ಏನಪ್ಪಾ ಅಂದ್ರೆ, ಕಮ್ಮಿ ರೇಟಿನ ಇಂಥ ಮಷಿನ್ ಒಳಗೆ ಇರೋದು ಒಂದು ಪುಟ್ಟ ರೆಕಾರ್ಡಿಂಗು, ಅದನ್ನೇ ಸುತ್ತಿ ಸುತ್ತಿ ಹಾಕುತ್ತೆ, ತಲೆ ಬಾಲ ಸೇರೋ ಕಡೆ ನೀಟಾಗಿ ಹೊಲಿದಿಲ್ಲ ಅಂದ್ರೆ ಆ ಟುಕ್ಕು. ಫ್ಯಾನ್ ಸದ್ದಲ್ಲಿ ಟುಕ್ಕು, ಸಮುದ್ರದಲ್ಲಿ ಅಲೆ ಅರ್ಧಕ್ಕೇ ಕತ್ತರಿಸಿ ಹೊಸ ಅಲೆ, ಮಳೆಯಲ್ಲಂತೂ ತಗಡಿನ ಮೇಲೆ ಬೀಳೋ ಒಂದು ದಪ್ಪ ಹನಿ ಇದೆ, ಅದೇ ಹನಿ, ಅದೇ ಜಾಗದಲ್ಲಿ, ರಾತ್ರಿಯೆಲ್ಲ. ಒಂದ್ಸಲ ಕೇಳಿಸಿದ ಮೇಲೆ ಕೇಳಿಸದೇ ಇರಕ್ಕೆ ಆಗಲ್ಲ. ಕಿವಿಯ ಕೀಂ ಮರೆಯಕ್ಕೆ ಅಂತ ತಂದ ಸಾಮಾನು, ಈಗ ನಾನು ಟುಕ್ ಕಾಯ್ಕೊಂಡು ಎಂಟು, ಒಂಬತ್ತು, ಹತ್ತು ಅಂತ ಎಣಿಸ್ತಾ ಮಲಗಿರೋದು. ಹೆಂಡ್ತಿಗೆ ಕೇಳಿಸ್ದೆ, "ನಂಗೇನೂ ಕೇಳಿಸ್ತಿಲ್ಲ, ನೀವು ಮಲಗಿ ಸುಮ್ನೆ" ಅಂದ್ಲು. ಕಸ್ಟಮರ್ ಕೇರ್‌ನವರು "ಸಾರ್ ಪ್ರಾಡಕ್ಟ್ ವರ್ಕಿಂಗ್ ಕಂಡೀಷನ್ನಲ್ಲಿದೆ" ಅಂದ್ರು. ಜಗಳ ಆಡಿ ರೀಪ್ಲೇಸ್ ಮಾಡಿಸ್ದೆ, ಹೊಸದು ಬಂತು, ಅದರಲ್ಲೂ ಟುಕ್ಕು, ಅದೂ ಹನ್ನೊಂದಕ್ಕೇ. ಅಷ್ಟರಲ್ಲಿ ದುಡ್ಡು ವಾಪಸ್ ಕೊಡೋ ಟೈಮ್ ಮುಗಿದಿತ್ತು.

ಅದನ್ನ ತಂಗಿ ಮಗೂಗೆ ಕೊಟ್ಟೆ, ದೂರ ಇಟ್ಟು ಮೆಲ್ಲಗೆ ಹಾಕು ಅಂತ ಹೇಳಿ. ಮಗು ಚೆನ್ನಾಗಿ ನಿದ್ದೆ ಮಾಡುತ್ತಂತೆ, ಅದಕ್ಕಿನ್ನೂ ಎಣಿಸಕ್ಕೆ ಬರಲ್ವಲ್ಲ.

ಆಮೇಲೆ ಮೊಬೈಲು ಮತ್ತೆ ಮನೇಲಿದ್ದ ಬ್ಲೂಟೂತ್ ಸ್ಪೀಕರ್. ಖರ್ಚಿಲ್ಲ, ಸದ್ದು ಎಷ್ಟು ಬೇಕೋ ಅಷ್ಟು. ಆದ್ರೆ ಫ್ರೀ ಆ್ಯಪಲ್ಲಿ ನಡುರಾತ್ರಿ ಎರಡೂ ಮುಕ್ಕಾಲಿಗೆ ಹೋಮ್ ಲೋನ್ ಜಾಹೀರಾತು ಬಂದು ಇಡೀ ಮನೆ ಎದ್ದು ಕೂತಿದೆ. ಸ್ಪೀಕರ್ ಚಾರ್ಜ್ ಮುಗಿದ್ರೆ ಒಬ್ಬಳು ಹೆಂಗಸು "ಪವರ್ ಆಫ್" ಅಂತ ಹೇಳಿನೇ ಹೋಗೋದು, ಹೇಳದೇ ಹೋಗಮ್ಮ ಅಂದ್ರೆ ಕೇಳಲ್ಲ. ಹತ್ತು ಗಂಟೆಯ ಫೈಲ್ ಡೌನ್‌ಲೋಡ್ ಮಾಡ್ಕೊಂಡು, ಏರೋಪ್ಲೇನ್ ಮೋಡ್ ಹಾಕಿ, ಸ್ಪೀಕರ್ ಬದಲು ಫೋನನ್ನೇ ಸ್ಟೀಲ್ ಲೋಟದಲ್ಲಿಟ್ರೆ ಇದು ಎರಡನೇ ಸ್ಥಾನ. ಪಿಜಿಯಲ್ಲಿರೋರಿಗೆ, ಊರೂರು ತಿರುಗೋರಿಗೆ ಇದೇ ಸರಿ.

ಇಯರ್‌ಬಡ್ ಹಾಕ್ಕೊಂಡು ಮಲಗೋದು: ಬೇಡ.

ಇನ್ನು ಫ್ಯಾನು. ಅಟ್ಟದಿಂದ ಇಳಿಸಿದ್ದು ನಾನಲ್ಲ, ಹೆಂಡ್ತಿ, ಏಪ್ರಿಲ್ ಸೆಖೆಗೆ. ಆ ರಾತ್ರಿ ಮಲಗಿದೋನು ಬೆಳಿಗ್ಗೆ ಆರಕ್ಕೆ ಎದ್ದೆ, ನಡುವೆ ಒಂದ್ಸಲಾನೂ ಎದ್ದಿಲ್ಲ, ಏಳು ತಿಂಗಳಲ್ಲಿ ಮೊದಲನೇ ಸಲ. ಫ್ಯಾನಿಗೆ ತಲೆ ಬಾಲ ಇಲ್ಲ, ಒಂದು ಸುತ್ತಿನ ಹಾಗೆ ಇನ್ನೊಂದಿಲ್ಲ, ಎಣಿಸಕ್ಕೆ ಏನೂ ಸಿಗಲ್ಲ. ಆಮೇಲೆ ಗೊತ್ತಾಗಿದ್ದು, ಅಮೆರಿಕದಲ್ಲಿ 1962ರಲ್ಲಿ ಮಾರಾಟಕ್ಕೆ ಬಂದ ನಿದ್ದೆ ಸದ್ದಿನ ಮಷಿನ್ ಒಳಗೆ ಇದ್ದಿದ್ದೂ ಒಂದು ಪುಟ್ಟ ಫ್ಯಾನೇ ಅಂತೆ. ನಗಬೇಕೋ ಅಳಬೇಕೋ.

ತೊಂದ್ರೆ ಇಲ್ಲ ಅಂತಲ್ಲ. ಡಿಸೆಂಬರಲ್ಲಿ ಮಗಳಿಗೆ ಶೀತ ಆಗುತ್ತೆ ಅಂತ ಗಲಾಟೆ ಆಯ್ತು, ಅದಕ್ಕೆ ಫ್ಯಾನನ್ನ ಗೋಡೆಗೆ ಮುಖ ಮಾಡಿ ಒಂದಡಿ ದೂರ ಇಟ್ಟೆ, ಗಾಳಿ ನಮ್ಮ ಕಡೆ ಬರಲ್ಲ, ಸದ್ದು ಮಾತ್ರ ಗೋಡೆಗೆ ಬಡಿದು ಇನ್ನೂ ಮೆತ್ತಗಾಗಿ ಬರುತ್ತೆ. ಮನೆಗೆ ಬಂದೋರು ಫ್ಯಾನಿಗೇನು ಶಿಕ್ಷೆ ಕೊಟ್ಟಿದೀರಾ ಅಂತ ಕೇಳ್ತಾರೆ. ಕರೆಂಟ್ ಹೋದಾಗ ಮಾತ್ರ ಕಷ್ಟ, ಸದ್ದು ತಟ್ಟನೆ ನಿಂತ ಕೂಡಲೇ ಕೀಂ ಅನ್ನೋದು ಮೈಮೇಲೇ ಬಂದ ಹಾಗೆ ಏರುತ್ತೆ, ಆಗ ಲೋಟದ ಫೋನು. ಬಿಲ್ಲು ಲೆಕ್ಕ ಹಾಕಿದೀನಿ, 50 ವ್ಯಾಟ್ ಅಂದ್ಕೊಂಡ್ರೂ ಎಂಟು ಗಂಟೆಗೆ 0.4 ಯೂನಿಟ್, ತಿಂಗಳಿಗೆ 12, ನಮ್ಮ ಗೃಹಜ್ಯೋತಿ ಲೆಕ್ಕದೊಳಗೇ ಆಗೋಗುತ್ತೆ.

ಫ್ಯಾನಾಗ್ಲಿ ಫೋನಾಗ್ಲಿ ಒಂದು ವಿಷಯ ಮೇಡಂ ಖಡಕ್ಕಾಗಿ ಹೇಳಿದ್ರು, ಕೀಂ ಪೂರ್ತಿ ಮುಚ್ಚಿ ಹೋಗೋ ಹಾಗೆ ಜೋರು ಇಡಬಾರದು. ಅದು ಇನ್ನೂ ಸ್ವಲ್ಪ ಕೇಳ್ತಾ ಇರಬೇಕು, ಆಗ್ಲೇ ಮೆದುಳು ಇದು ಬೇಡದ ಸದ್ದು ಅಂತ ಪಕ್ಕಕ್ಕೆ ಹಾಕೋದನ್ನ ಕಲಿಯೋದು. ಜಾಸ್ಟ್ರೆಬಾಫ್ ಅನ್ನೋ ವಿಜ್ಞಾನಿ 1990ರ ಆಸುಪಾಸಿನಲ್ಲಿ ಹಾಕ್ಕೊಟ್ಟ ದಾರಿ ಇದು, ಒಂದು ಒಂದೂವರೆ ವರ್ಷ ಹಿಡಿಯುತ್ತೆ. ನನ್ನ ಫ್ಯಾನಿನ 2ನೇ ಬಟನ್ನು ಸರಿಯಾಗಿ ಅಷ್ಟೇ ಸದ್ದು ಮಾಡುತ್ತೆ, ಅದೃಷ್ಟ ಅಷ್ಟೇ.

ಕಿವಿ ಹಿಂದೆ ಹಾಕೋ ಮಷಿನ್ನು, ಅಂದ್ರೆ ಹಿಯರಿಂಗ್ ಏಡಲ್ಲೇ ಸದ್ದು ಬರೋ ಥರದ್ದು, ಒಂದು ವಾರ ಟ್ರಯಲ್‌ಗೆ ಕೊಟ್ಟಿದ್ರು. ಒಳ್ಳೇದೇ, ಆಫೀಸಲ್ಲಿ ಹಗಲೊತ್ತು ತುಂಬಾ ಹಗುರ ಅನ್ನಿಸ್ತು. ಆದ್ರೆ ಒಂದು ಕಿವಿಗೆ 42 ಸಾವಿರ ಅಂದ್ರು, ನಂಗೆ ಕೇಳೋದ್ರಲ್ಲಿ ಅಂಥ ಲಾಸ್ ಇಲ್ಲ, ಮತ್ತೆ ನನ್ನ ಜಗಳ ರಾತ್ರಿದು, ಮಲಗೋವಾಗ ಅದನ್ನ ತೆಗೆದಿಡಬೇಕು. ಮಾತು ಸರಿಯಾಗಿ ಕೇಳ್ತಿಲ್ಲ ಅನ್ನೋರಿಗೆ ಮಾತ್ರ ಫ್ಯಾನಿಗಿಂತ ಮೊದಲು ಇದನ್ನೇ ನೋಡಿ ಅಂತೀನಿ. ಮೈಸೂರು ಕಡೆಯೋರು ಮಾನಸಗಂಗೋತ್ರಿಯಲ್ಲಿರೋ ವಾಕ್ ಶ್ರವಣ ಸಂಸ್ಥೆಗೆ ಹೋಗಿ ಕಿವಿ ಟೆಸ್ಟ್ ಮಾಡಿಸಿ, 1965ರಿಂದ ಇದೇ ಕೆಲಸ ಮಾಡ್ತಿರೋ ಸರ್ಕಾರಿ ಸಂಸ್ಥೆ.

ಗಿಂಕೋ ಅನ್ನೋ ಗಿಡದ ಎಲೆಯ ಮಾತ್ರೆ ಎರಡು ತಿಂಗಳು ನುಂಗಿದೆ, ಮೆಡಿಕಲ್ ಶಾಪಿನೋನು ಸಂತೋಷವಾಗಿದ್ದ. ಅಮೆರಿಕದ ಇಎನ್‌ಟಿ ಡಾಕ್ಟರುಗಳ ಸಂಘ 2014ರಲ್ಲೇ ಗಿಂಕೋ, ಜಿಂಕ್ ಇದಕ್ಕೆ ಕೊಡಬೇಡಿ ಅಂತ ಬರೆದಿಟ್ಟಿದೆ, ಕೌನ್ಸೆಲಿಂಗ್ ಥರದ ಸಿಬಿಟಿ ಮಾಡ್ಸಿ ಅಂತಾನೂ ಬರೆದಿದೆ. ನಾನು ಓದಿದ್ದು ಮೂರನೇ ಶೀಟ್ ಮುಗಿದ ಮೇಲೆ.

ಇಯರ್‌ಪ್ಲಗ್ ಬಗ್ಗೆ ಒಂದು ತಪ್ಪು ಹೇಳ್ಬೇಕು. ಹೆದರಿಕೆಗೆ 20 ರೂಪಾಯಿ ಫೋಮ್ ಪ್ಲಗ್ಗನ್ನ ಬಸ್ಸಲ್ಲಿ, ಆಫೀಸಲ್ಲಿ, ಕುಕ್ಕರ್ ಕೂಗುತ್ತೆ ಅಂತ ಅಡುಗೆಮನೇಲೂ ಹಾಕ್ಕೊಂಡು ಓಡಾಡ್ತಿದ್ದೆ. ಕೀಂ ಜಾಸ್ತಿ ಆಯ್ತು, ಮೇಲಾಗಿ ತಟ್ಟೆ ಸದ್ದಿಗೂ ಬೆಚ್ಚಿ ಬೀಳೋ ಹಾಗಾಯ್ತು. ಜೋರು ಸದ್ದಿಲ್ಲದ ಕಡೆ ಕಿವಿ ಮುಚ್ಚಬಾರದು. ಈಗ ಫಿಲ್ಟರ್ ಇರೋ ಸಿಲಿಕಾನ್ ಪ್ಲಗ್ಗು ಕೀಬಂಚಲ್ಲಿ ನೇತಾಡ್ತಿರುತ್ತೆ, 1,800 ಆಯ್ತು, ಮದುವೆ ಛತ್ರದ ಆರ್ಕೆಸ್ಟ್ರಾಗೆ, ಮೆರವಣಿಗೆಗೆ ಮಾತ್ರ. ಮಾತು ಕೇಳುತ್ತೆ, ಪೆಟ್ಟು ಬೀಳಲ್ಲ. ದುಡ್ಡು ಕೊಟ್ಟು ತಗೊಂಡಿದ್ರಲ್ಲಿ ನಾನು ಬೇಜಾರು ಮಾಡ್ಕೊಳ್ಳದೇ ಇರೋದು ಇದೊಂದೇ.

ಈಗ ಹೇಗಿದೆ ಅಂದ್ರೆ, ಇದೆ, ಹೋಗಿಲ್ಲ. ಆದ್ರೆ ದಿನಗಟ್ಟಲೆ ನೆನಪಾಗಲ್ಲ. ಇದನ್ನ ಟೈಪ್ ಮಾಡ್ತಾ ಇದೀನಲ್ಲ, ಈಗ ಚೆನ್ನಾಗಿ ಕೇಳ್ತಿದೆ, ಮಾತಾಡಿಸಿದ್ರೆ ಬರುತ್ತೆ. ಸಂಬಳದ ದುಡ್ಡಲ್ಲಿ ಇಎಂಐ ಕಟ್ಕೊಂಡು, ಸ್ವಂತ ರೂಮಿದ್ದು, ರಾತ್ರಿ ಮಾತ್ರ ಕಷ್ಟ ಅನ್ನೋ ನನ್ನಂಥೋನಿಗೆ ಫ್ಯಾನೇ.

ಹೋದ ವಾರ ಅದರ ಬುಶ್ ಸವೆದು ಕಟಕಟ ಅಂತಿತ್ತು, ರಿಪೇರಿ ಅಂಗಡಿಗೆ ತಗೊಂಡೋದೆ. ಹುಡುಗ ತಿರುಗಿಸಿ ನೋಡಿ, "ಬುಶ್ ಹಾಕ್ಕೊಡ್ತೀನಿ ಸಾರ್, ಆದ್ರೆ ಈ ಬರ್ರ್ ಅನ್ನೋ ಸೌಂಡ್ ಹೋಗಲ್ಲ, ಹಳೇ ಮೋಟಾರು. ಬಿಎಲ್‌ಡಿಸಿ ಅಂತ ಹೊಸ ಥರದ ಮೋಟಾರ್ ಫ್ಯಾನ್ ಬರುತ್ತೆ, ಅದು ತಗೊಳ್ಳಿ, ಓಡ್ತಿದೆ ಅಂತಾನೇ ಗೊತ್ತಾಗಲ್ಲ" ಅಂದ. ಕಟಕಟ ಮಾತ್ರ ತೆಗಿಯಪ್ಪ, ಬರ್ರ್ ಮುಟ್ಟಬೇಡ ಅಂದೆ. ನನ್ನ ಮುಖಾನೇ ಒಂದ್ನಿಮಿಷ ನೋಡಿ, ಚೀಟಿ ಮೇಲೆ ಹಾಗೇ ಬರ್ಕೊಂಡ.