ವಿಮಾನದ ದೂರ ತೋರಿಸುವ ತಾಣಗಳು: ಕಿಲೋಮೀಟರ್ ಸರಿ, ಗಂಟೆ ಅಲ್ಲ

ಎರಡು ಊರಿನ ಹೆಸರು ಕೊಟ್ಟರೆ ವಿಮಾನದ ದೂರ, ಹಾರಾಟದ ಸಮಯ ಎರಡನ್ನೂ ಹೇಳುವ ತಾಣಗಳು ಬೇಕಾದಷ್ಟಿವೆ. ದೂರದ ಮಟ್ಟಿಗೆ ನಮ್ಮ ಆಯ್ಕೆ ಗ್ರೇಟ್ ಸರ್ಕಲ್ ಮ್ಯಾಪರ್. ನಿಲ್ದಾಣಗಳ ಮೂರಕ್ಷರದ ಕೋಡ್‌ಗಳನ್ನು ನಡುವೆ ಅಡ್ಡಗೆರೆ ಹಾಕಿ ಕೊಟ್ಟರೆ ಸಾಕು. ಎಲ್‌ಎಚ್‌ಆರ್-ಜೆಎಫ್‌ಕೆ, ಅಂದರೆ ಲಂಡನ್ ಹೀಥ್ರೂನಿಂದ ನ್ಯೂಯಾರ್ಕ್‌ನ ಜೆಎಫ್‌ಕೆಗೆ, ಸುಮಾರು 5,554 ಕಿ.ಮೀ. ಬೇರೆ ತಾಣ 5,540 ಎಂದರೆ ಗಾಬರಿ ಬೇಡ. ಅದು ಭೂಮಿಯನ್ನು 6,371 ಕಿ.ಮೀ. ತ್ರಿಜ್ಯದ ಪೂರ್ತಿ ಗೋಲವೆಂದು ಹಿಡಿದಿರುತ್ತದೆ. ಭೂಮಿ ಧ್ರುವಗಳ ಕಡೆ ತುಸು ಚಪ್ಪಟೆ, ಹಾಗಾಗಿ ಶೇ. 0.5ರವರೆಗೆ ವ್ಯತ್ಯಾಸ ಬರುತ್ತದೆ.

ದೊಡ್ಡ ತಪ್ಪಾಗುವುದು ಹೆಸರಿನಲ್ಲಿ. ಸ್ಯಾನ್ ಹೋಸೆ ಎಂದು ಹುಡುಕಿದಾಗ ಎಸ್‌ಜೆಸಿ ಸಿಕ್ಕರೆ ಅದು ಕ್ಯಾಲಿಫೋರ್ನಿಯಾ, ಎಸ್‌ಜೆಓ ಸಿಕ್ಕರೆ ಕೋಸ್ಟರಿಕಾ. ಅದಕ್ಕೇ ಊರಿನ ಹೆಸರು ಬಿಟ್ಟು ಟಿಕೆಟ್ಟಿನಲ್ಲಿರುವ ಕೋಡನ್ನೇ ಹಾಕಿ. ಮೈಲಿಯನ್ನೂ ಗಮನಿಸಿ: ವಿಮಾನ, ಹಡಗುಗಳಿಗೆ ಬಳಸುವ ನಾಟಿಕಲ್ ಮೈಲಿಯಾದರೆ ಕಿಲೋಮೀಟರಿಗೆ ತರಲು 1.852ರಿಂದ ಗುಣಿಸಬೇಕು. 3,000 ನಾಟಿಕಲ್ ಮೈಲಿಯನ್ನು ಸಾಮಾನ್ಯ ಮೈಲಿಯೆಂದು ತಿಳಿದು 1.609ರಿಂದ ಗುಣಿಸಿದರೆ ಉತ್ತರ ನಿಜವಾದ ದೂರಕ್ಕಿಂತ 700 ಕಿ.ಮೀ.ಗೂ ಮಿಕ್ಕಿ ತಗ್ಗಿರುತ್ತದೆ.

ಸಮಯದ ವಿಷಯದಲ್ಲಿ ಮಾತ್ರ ಇಂಥ ತಾಣಗಳನ್ನು ನಂಬಲಾಗದು. ಹೆಚ್ಚಿನವು ದೂರವನ್ನು ಒಂದೇ ವೇಗದಿಂದ ಭಾಗಿಸಿ, ಏರಿಳಿಯಲೆಂದು ಅರ್ಧ ಗಂಟೆ ಸೇರಿಸುತ್ತವೆ. ಆದ್ದರಿಂದ ಹೋಗುವುದಕ್ಕೂ ಬರುವುದಕ್ಕೂ ಒಂದೇ ಉತ್ತರ. ವಾಸ್ತವದಲ್ಲಿ ಲಂಡನ್ನಿನಿಂದ ನ್ಯೂಯಾರ್ಕಿಗೆ ಎಂಟು ಗಂಟೆಯ ಆಸುಪಾಸು, ವಾಪಸು ಬರುವಾಗ ಏಳು. ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ಜೆಟ್ ಸ್ಟ್ರೀಮ್ ಎಂಬ ಎತ್ತರದ ಜೋರು ಗಾಳಿ ಬರುವಾಗ ಬೆನ್ನಿಗೆ ಸಿಗುತ್ತದೆ, ಹೋಗುವಾಗ ಎದುರಾಗುತ್ತದೆ. 2020ರ ಫೆಬ್ರವರಿಯಲ್ಲಿ ಆ ಗಾಳಿ ಎಷ್ಟು ಬಲವಾಗಿತ್ತೆಂದರೆ, ಬ್ರಿಟಿಷ್ ಏರ್‌ವೇಸ್‌ನ ಒಂದು ಬೋಯಿಂಗ್ 747 ವಿಮಾನ ನ್ಯೂಯಾರ್ಕಿನಿಂದ ಲಂಡನ್ನಿಗೆ 4 ಗಂಟೆ 56 ನಿಮಿಷದಲ್ಲಿ ಬಂದುಬಿಟ್ಟಿತು!

ವಾಯುಪ್ರದೇಶ ಮುಚ್ಚಿದ್ದರಂತೂ ಲೆಕ್ಕವೇ ತಲೆಕೆಳಗು. ಹೆಲ್ಸಿಂಕಿ–ಟೋಕಿಯೊ ಸುಮಾರು 7,800 ಕಿ.ಮೀ. ಫಿನ್ಲೆಂಡಿನ ಫಿನ್‌ಏರ್ ಸಂಸ್ಥೆಯ ವಿಮಾನಗಳು ಮೊದಲು ಸೈಬೀರಿಯಾದ ಮೇಲಿಂದ ಒಂಬತ್ತೂವರೆ ಗಂಟೆಯಲ್ಲಿ ತಲುಪುತ್ತಿದ್ದವು. 2022ರಲ್ಲಿ ರಷ್ಯಾದ ಆಕಾಶ ಮುಚ್ಚಿದ ಮೇಲೆ ಸುತ್ತಿಕೊಂಡು ಹೋಗಲು ಸುಮಾರು 13 ಗಂಟೆ ಬೇಕಾಯಿತು. ನಕಾಶೆಯ ಗೆರೆಗೆ ಇದು ಗೊತ್ತಾಗುವುದಿಲ್ಲ.

ಅಂದಾಜು ಬೇಕಿದ್ದರೆ ಕಿಲೋಮೀಟರನ್ನು 850ರಿಂದ ಭಾಗಿಸಿ ಅರ್ಧ ಗಂಟೆ ಕೂಡಿಸಿ. ನಿಖರವಾಗಿ ಬೇಕಿದ್ದರೆ ವಿಮಾನಗಳ ಜಾಡು ತೋರಿಸುವ ಫ್ಲೈಟ್‌ರಾಡಾರ್24 ತಾಣದಲ್ಲಿ ವಿಮಾನದ ಸಂಖ್ಯೆ ಹಾಕಿ, ಹಿಂದಿನ ದಿನಗಳಲ್ಲಿ ಅದು ನೆಲ ಬಿಟ್ಟ ಮತ್ತು ಇಳಿದ ಹೊತ್ತು ನೋಡಿ. ಟಿಕೆಟ್ಟಿನಲ್ಲಿರುವ ಅವಧಿ ಇದಕ್ಕಿಂತ ಹೆಚ್ಚೇ ಇರುತ್ತದೆ: ಅದು ಗೇಟಿನಿಂದ ಗೇಟಿಗೆ, ರನ್‌ವೇವರೆಗಿನ ಓಡಾಟವೂ ಅದರಲ್ಲೇ ಸೇರಿರುತ್ತದೆ. ಮುಂದಿನ ವಿಮಾನ ಹಿಡಿಯುವವರು ಟಿಕೆಟ್ಟಿನ ಹೊತ್ತನ್ನೇ ಲೆಕ್ಕಕ್ಕೆ ಹಿಡಿಯಬೇಕು.