ಗೌರಿಯ ಹೊಟ್ಟೆಯ ಸ್ಕ್ಯಾನಿಂಗ್: ಬೆಂಗಳೂರಿನ ಒಂದು ಪಶುಚಿಕಿತ್ಸಾಲಯದ ಅನುಭವ

ನಮ್ಮ ಮನೆಯ ಏಳು ವರ್ಷದ ಲ್ಯಾಬ್ರಡಾರ್ ಗೌರಿ, ಬೆದೆ ಮುಗಿದು ಒಂದೂವರೆ ತಿಂಗಳಾಗಿದ್ದಾಗ ಇದ್ದಕ್ಕಿದ್ದಂತೆ ಊಟ ಬಿಟ್ಟು, ಬಟ್ಟಲುಗಟ್ಟಲೆ ನೀರು ಕುಡಿಯತೊಡಗಿದಳು. ಮೊದಲು ತೋರಿಸಿದ ಕಡೆ ಅಜೀರ್ಣವೆಂದು ಮಾತ್ರೆ ಕೊಟ್ಟರೇ ಹೊರತು, ಅವಳಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಆಗಿದೆಯೇ ಎಂದೂ ಕೇಳಲಿಲ್ಲ. ನಾಲ್ಕನೆಯ ದಿನ ಅಲ್ಟ್ರಾಸೌಂಡ್ ಸೌಲಭ್ಯವಿರುವ ಇನ್ನೊಂದು ಚಿಕಿತ್ಸಾಲಯಕ್ಕೆ ಕರೆದೊಯ್ದೆವು.

ಹೊಟ್ಟೆಯಲ್ಲಿ ಆಹಾರವೂ ಗಾಳಿಯೂ ತುಂಬಿದ್ದರೆ ಶಬ್ದತರಂಗಗಳು ಒಳಗೆ ಹೋಗದೆ ಚಿತ್ರ ಮಸುಕಾಗುತ್ತದೆ, ಆದ್ದರಿಂದ ರಾತ್ರಿಯಿಂದ ಏನನ್ನೂ ತಿನ್ನಿಸಬೇಡಿ ಎಂದು ಫೋನಿನಲ್ಲೇ ತಿಳಿಸಿದ್ದರು. ಹೊಟ್ಟೆಯ ಕೂದಲು ಬೋಳಿಸಿ, ಜೆಲ್ ಹಚ್ಚಿ, ಅರಿವಳಿಕೆ ಕೊಡದೆಯೇ ಅವಳನ್ನು ಮೆತ್ತನೆಯ ದಿಂಬಿನ ಮೇಲೆ ಅಂಗಾತ ಮಲಗಿಸಿದರು. ತಲೆಯನ್ನು ನಾನೇ ಹಿಡಿದುಕೊಂಡಿದ್ದೆ.

ನನಗೆ ಬಹಳ ಮೆಚ್ಚುಗೆಯಾದದ್ದು ವೈದ್ಯೆಯ ತಾಳ್ಮೆ. ಬೆದೆಯ ನಂತರ ಗರ್ಭಕೋಶದಲ್ಲಿ ಕೀವು ತುಂಬಿರಬಹುದೆಂಬುದೇ ಅವರ ಸಂದೇಹವಾಗಿದ್ದರೂ, ಅವರು ಯಕೃತ್ತು, ಪಿತ್ತಕೋಶ, ಗುಲ್ಮ, ಎರಡೂ ಮೂತ್ರಪಿಂಡಗಳನ್ನು ಒಂದೊಂದಾಗಿ ನೋಡಿ, ಅಳತೆ ತೆಗೆದುಕೊಂಡು, ಕೊನೆಗೆ ಮೂತ್ರಕೋಶದ ಬಳಿಗೆ ಬಂದರು. ಅಲ್ಲಿ ಬೆರಳಿಗಿಂತ ದಪ್ಪನೆಯ ಕಪ್ಪು ಕೊಳವೆಗಳು ಸುತ್ತಿಕೊಂಡಿದ್ದವು. ಕಪ್ಪಿನೊಳಗೆ ಸಣ್ಣ ಸಣ್ಣ ಬಿಳಿಯ ಕಣಗಳು ನಿಧಾನವಾಗಿ ತೇಲುತ್ತಿದ್ದವು. "ನೋಡಿ ಮೇಡಂ, ಗಬ್ಬವಿಲ್ಲದ ನಾಯಿಯಲ್ಲಿ ಗರ್ಭಕೋಶ ಹೀಗೆ ಎದ್ದು ಕಾಣಬಾರದು. ಒಳಗೆ ದ್ರವ ತುಂಬಿದೆ," ಎಂದರು. ಅದು ಕೀವೇ ಎಂದು ಚಿತ್ರವೊಂದರಿಂದಲೇ ಖಚಿತವಾಗಿ ಹೇಳಲಾಗದೆಂದು ಆಗಲೇ ರಕ್ತಪರೀಕ್ಷೆ ಮಾಡಿಸಿದರು. ಬಿಳಿ ರಕ್ತಕಣಗಳು ಬಹಳ ಹೆಚ್ಚಾಗಿದ್ದವು. ಗರ್ಭಕೋಶದ ಬಾಯಿ ಮುಚ್ಚಿದ್ದುದರಿಂದ ಹೊರಗೆ ಸ್ರಾವವೇನೂ ಕಂಡಿರಲಿಲ್ಲ. ಇಂಥ ಸ್ಥಿತಿಯಲ್ಲಿ ಕಾಯುತ್ತ ಕುಳಿತರೆ ನಂಜು ಮೈಗೆಲ್ಲ ಏರಿ ಪ್ರಾಣಕ್ಕೇ ಅಪಾಯ. ಅಂದು ಸಂಜೆಯೇ ಶಸ್ತ್ರಚಿಕಿತ್ಸೆ ಮಾಡಿ ಗರ್ಭಕೋಶವನ್ನೂ ಅಂಡಾಶಯಗಳನ್ನೂ ತೆಗೆದರು.

ಕೊರತೆಗಳೂ ಇವೆ. ಸಮಯ ಗೊತ್ತುಮಾಡಿಕೊಂಡು ಹೋಗಿದ್ದರೂ ಹಸಿದ ನಾಯಿಯೊಂದಿಗೆ ಒಂದೂಕಾಲು ಗಂಟೆ ಕಾಯಬೇಕಾಯಿತು. ಅಷ್ಟು ವಿವರವಾಗಿ ಬಾಯಲ್ಲಿ ಹೇಳಿದ ವೈದ್ಯೆಯ ಲಿಖಿತ ವರದಿ ಮಾತ್ರ ಎರಡೇ ಸಾಲಿನದು, ಅದರೊಂದಿಗೆ ಒಂದೇ ಚಿತ್ರ. ಮುಂದೆ ಬೇರೆ ವೈದ್ಯರಿಗೆ ತೋರಿಸಬೇಕಾದರೆ ಮೂತ್ರಪಿಂಡದ ಅಳತೆಯೂ ಅದರಲ್ಲಿಲ್ಲ. ಅಲ್ಲಿಗೆ ಹೋಗುವವರು ಎಲ್ಲ ಅಂಗಗಳ ವಿವರವನ್ನೂ ಬರೆದುಕೊಡುವಂತೆ ಮೊದಲೇ ಕೇಳಿಕೊಳ್ಳುವುದು ಒಳ್ಳೆಯದು. ಉಳಿದಂತೆ, ಗೌರಿಯ ಮುಂದಿನ ತಪಾಸಣೆಗೂ ನಾವು ಅದೇ ವೈದ್ಯೆಯ ಬಳಿಗೇ ಹೋಗುತ್ತೇವೆ.