ಡಾರ್ವಿನ್ ಕೋರ್: ತಲೆ ತಿಂದರೂ ಬಿಡುವ ಹಾಗಿಲ್ಲ

ಹತ್ತು ವರ್ಷದ ಹಕ್ಕಿ ಪಟ್ಟಿ ಎಕ್ಸೆಲ್‌ನಲ್ಲಿ ಬಿದ್ದಿತ್ತು. ಜಗತ್ತಿನ ಜೀವಿಗಳ ದಾಖಲೆ ಒಂದೆಡೆ ಕೂಡಿಡುವ ತಾಣ ಜಿಬಿಐಎಫ್‌ಗೆ ಸೇರಿಸೋಣ ಅಂತ ಕೂತಾಗಲೇ ಗೊತ್ತಾಗಿದ್ದು ಅದೆಷ್ಟು ಗಲೀಜು ಅಂತ. ಒಂದು ಕಡೆ ನವರಂಗ, 5/6/2012 ಅಂತಿದೆ. ಜೂನ್ ಐದಾ, ಮೇ ಆರಾ? ಬರೆದವನು ನಾನೇ, ನನಗೇ ನೆನಪಿಲ್ಲ!

ಜಿಬಿಐಎಫ್‌ಗೆ ಮಾಹಿತಿ ಕೊಡಲು ಬಳಸುವ ಡಾರ್ವಿನ್ ಕೋರ್ ಅಂದರೆ ಆ್ಯಪ್ ಅಲ್ಲ. ಯಾವ ಜೀವಿ, ಎಲ್ಲಿ, ಯಾವಾಗ ಅಂತ ಬರೆಯಲು ಎಲ್ಲರೂ ಒಪ್ಪಿಕೊಂಡ ಕಾಲಂ ಹೆಸರುಗಳು, 2009ರಲ್ಲಿ ಟಿಡಿಡಬ್ಲ್ಯೂಜಿ ಅನ್ನೋ ಜೀವವೈವಿಧ್ಯ ಮಾಹಿತಿಯ ಮಾನದಂಡ ಸಂಸ್ಥೆ ಮಾನ್ಯ ಮಾಡಿದ್ದು. ದಿನಾಂಕಕ್ಕೆ ವರ್ಷ ಮೊದಲು, ಆಮೇಲೆ ತಿಂಗಳು, ಆಮೇಲೆ ದಿನ. ನನಗೆ ತುಂಬಾ ಇಷ್ಟವಾಗಿದ್ದು 'ಬೇಸಿಸ್ ಆಫ್ ರೆಕಾರ್ಡ್' ಕಾಲಂ: ಕಣ್ಣಾರೆ ಕಂಡಿದ್ದಾ, ಮ್ಯೂಸಿಯಂ ಸ್ಪೆಸಿಮನ್ನಾ, ಪಳೆಯುಳಿಕೆಯಾ ಅಂತ ಕೇಳುತ್ತೆ, ಯಾಕಂದರೆ ನೂರು ವರ್ಷ ಹಳೆಯ ಸ್ಪೆಸಿಮನ್ನನ್ನೂ ನಿನ್ನೆ ಕಂಡ ಹಕ್ಕಿಯನ್ನೂ ಒಂದೇ ತಕ್ಕಡಿಯಲ್ಲಿ ತೂಗೋಕಾಗಲ್ಲ ಅಲ್ವಾ.

ಜಿಬಿಐಎಫ್ ತಾಣವಂತೂ ಪೂರ್ತಿ ಉಚಿತ. ಅಕ್ಷಾಂಶ, ರೇಖಾಂಶ ಎರಡೂ ಸೊನ್ನೆ ಇದ್ದರೆ, ಅಂದರೆ ಪಾಪದ ಹಕ್ಕಿ ಆಫ್ರಿಕಾ ಪಕ್ಕದ ಸಮುದ್ರಕ್ಕೆ ಬಿದ್ದಿದ್ದರೆ, ಅದೇ ಗುರುತು ಹಾಕಿ ತೋರಿಸುತ್ತೆ. ಡೌನ್‌ಲೋಡ್ ಮಾಡಿದರೆ ಡಿಒಐ (ಉಲ್ಲೇಖಿಸಲು ಬಳಸುವ ಶಾಶ್ವತ ಗುರುತಿನ ಸಂಖ್ಯೆ) ಸಿಗುತ್ತೆ, ಮೂಲ ಕೊಟ್ಟವರಿಗೆ ಹೆಸರು ಬರುತ್ತೆ.

ಬೇಜಾರು? ಒಬ್ಬರೇ ನೇರವಾಗಿ ಪ್ರಕಟಿಸೋಕಾಗಲ್ಲ, ಸಂಸ್ಥೆಯ ಮೂಲಕವೇ ಹೋಗಬೇಕು. ಅಷ್ಟು ತಾಳ್ಮೆ ಇಲ್ಲದವರು ಜನರು ಕಂಡ ಜೀವಿಗಳನ್ನು ದಾಖಲಿಸುವ ತಾಣ ಐನ್ಯಾಚುರಲಿಸ್ಟ್‌ಗೆ ಫೋಟೊ ಹಾಕಿ. ಗುರುತು ಪಕ್ಕಾ ಆಗಿ, ಲೈಸೆನ್ಸ್ ಸರಿ ಇದ್ದರೆ ಅಲ್ಲಿಂದ ತಾನಾಗಿ ಜಿಬಿಐಎಫ್‌ಗೆ ಹೋಗುತ್ತೆ.

ಐದಕ್ಕೆ ನಾಲ್ಕು. ನನ್ನ ಶೀಟಿನಲ್ಲಿ ಇನ್ನೂ ಮುನ್ನೂರು ಸಾಲು ಬಾಕಿ.